ಕರಾವಳಿಯ ತೇವದಲ್ಲಿ ಶುಗರ್ ಸ್ಟ್ರಿಪ್: ಇಡುವ ಕ್ರಮ, ಬಳಸುವ ಕ್ರಮ

ನಮ್ಮ ಕಡೆ ಈಗ ಶುಗರ್ ಮಷಿನ್ ಇಲ್ಲದ ಮನೆ ಕಡಿಮೆ. ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ತೋಟದ ಮನೆಗಳಲ್ಲೂ ಇದೆ. ಮಷಿನ್ನನ್ನು ಜನ ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಜಿಪ್ ಇರುವ ಚೀಲದಲ್ಲಿ ಹಾಕಿ ಕಪಾಟಿನಲ್ಲಿ ಇಡುತ್ತಾರೆ. ರಕ್ತದ ಹನಿ ತಾಗಿಸಿ ಮಷಿನ್ನಿಗೆ ಹಾಕುವ ಸಣ್ಣ ಪಟ್ಟಿ ಇದೆಯಲ್ಲ, ಆ ಸ್ಟ್ರಿಪ್ ಡಬ್ಬಿಯನ್ನು ಮಾತ್ರ ಟಿವಿ ಪಕ್ಕ, ಅಡುಗೆಮನೆ ಕಟ್ಟೆ, ಬಚ್ಚಲಿನ ಕಿಟಕಿ, ಎಲ್ಲೆಂದರಲ್ಲಿ ಬಿಟ್ಟಿರುತ್ತಾರೆ. ನಾನು ಕುಮಟಾದಲ್ಲಿ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವಳು. "ಮಷಿನ್ ಹಾಳಾಗಿದೆ, ಒಂದೊಂದು ಸಲ ಒಂದೊಂದು ತೋರಿಸ್ತದೆ" ಎಂದು ಬರುವವರ ಚೀಲ ಬಿಡಿಸಿ ನೋಡಿದರೆ, ಹೆಚ್ಚಿನ ಸಲ ಮಷಿನ್ ಸರಿಯಾಗಿಯೇ ಇರುತ್ತದೆ. ಹಾಳಾಗಿರುವುದು ಸ್ಟ್ರಿಪ್.

ಇದು ಹಣ ದಂಡವಾಗುವ ಪ್ರಶ್ನೆ ಮಾತ್ರ ಆಗಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರು ಆ ಅಂಕಿ ನೋಡಿಯೇ ಎಷ್ಟು ಯೂನಿಟ್ ಎಂದು ತೀರ್ಮಾನ ಮಾಡುತ್ತಾರೆ. ಇಲ್ಲದ ಶುಗರ್ ಇದೆ ಎಂದು ಸ್ಟ್ರಿಪ್ ತೋರಿಸಿದರೆ ಬೇಡದ ಇನ್ಸುಲಿನ್ ಮೈಗೆ ಹೋಗುತ್ತದೆ. ರಾತ್ರಿ ಮಲಗಿದವರಿಗೆ ಶುಗರ್ ಇಳಿದುಬಿಡಬಹುದು. ಇಳಿದಿರುವ ಶುಗರ್ ಸರಿ ಇದೆ ಎಂದು ತೋರಿಸಿದರೂ ಅಷ್ಟೇ ಅಪಾಯ. ಅದಕ್ಕೇ ಈ ಸಣ್ಣ ಡಬ್ಬಿಯ ಬಗ್ಗೆ ಇಷ್ಟು ಹೇಳಬೇಕಾಗಿದೆ.

ಸ್ಟ್ರಿಪ್ ಯಾಕೆ ಕೆಡುತ್ತದೆ

ಸ್ಟ್ರಿಪ್ಪಿನ ತುದಿಯಲ್ಲಿ ಒಂದು ಕಿಣ್ವವನ್ನು ಒಣಗಿಸಿ ಲೇಪಿಸಿರುತ್ತಾರೆ. ಕೆಲವದರಲ್ಲಿ ಗ್ಲೂಕೋಸ್ ಆಕ್ಸಿಡೇಸ್, ಕೆಲವದರಲ್ಲಿ ಗ್ಲೂಕೋಸ್ ಡಿಹೈಡ್ರೋಜಿನೇಸ್. ರಕ್ತ ತಾಗಿದ ಕೂಡಲೇ ಈ ಕಿಣ್ವ ರಕ್ತದಲ್ಲಿರುವ ಗ್ಲೂಕೋಸಿನ ಜೊತೆ ಕೆಲಸ ಶುರುಮಾಡುತ್ತದೆ. ಅದರಿಂದ ಬಹಳ ಸಣ್ಣ ವಿದ್ಯುತ್ ಹರಿಯುತ್ತದೆ. ಮಷಿನ್ ಅದನ್ನು ಅಳೆದು ಅಂಕಿ ತೋರಿಸುತ್ತದೆ. ಬಣ್ಣ ಬದಲಾಗುವುದನ್ನು ಬೆಳಕಿನಿಂದ ಅಳೆಯುವ ಸ್ಟ್ರಿಪ್‌ಗಳೂ ಇವೆ. ಯಾವುದೇ ಇರಲಿ, ಕಿಣ್ವ ಒಣಗಿಯೇ ಇರಬೇಕು. ಗಾಳಿಯ ತೇವ ತಾಗಿದರೆ ರಕ್ತ ಬೀಳುವ ಮೊದಲೇ ಅದು ಕೆಡಲು ಶುರುವಾಗುತ್ತದೆ. ಬಿಸಿ ತಾಗಿದರೂ ಅದರ ಶಕ್ತಿ ಕುಂದುತ್ತದೆ.

ಮಳೆಗಾಲ ಎಂದರೆ ನಮಗೆ ಹೊಸದಾಗಿ ಹೇಳಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ತೇವ ಶೇಕಡಾ 80, 90ರ ಆಚೀಚೆಯೇ ಇರುತ್ತದೆ. ಹೆಂಚಿನ ಮನೆಯಲ್ಲಿ ಒಣಗಿಸಿದ ಬಟ್ಟೆಗೂ ಮುಗ್ಗಲು ವಾಸನೆ. ಮುಚ್ಚಳ ಸರಿ ಹಾಕದ ಡಬ್ಬಿಯಲ್ಲಿ ಹಪ್ಪಳ ಎರಡು ದಿನಕ್ಕೆ ಮೆತ್ತಗಾಗುತ್ತದೆ ಅಲ್ವಾ, ಸ್ಟ್ರಿಪ್ಪಿಗೆ ಆಗುವುದೂ ಅದೇ. ಆದರೆ ಹಪ್ಪಳ ಮೆತ್ತಗಾದದ್ದು ಕೈಗೆ ಗೊತ್ತಾಗುತ್ತದೆ. ಸ್ಟ್ರಿಪ್ ಕೆಟ್ಟದ್ದು ಕಣ್ಣಿಗೂ ಕಾಣುವುದಿಲ್ಲ, ಕೈಗೂ ತಿಳಿಯುವುದಿಲ್ಲ. ಮಷಿನ್ ಸುಮ್ನೆ ಒಂದು ಅಂಕಿ ತೋರಿಸಿಬಿಡುತ್ತದೆ.

ಕೊಳ್ಳುವಾಗ

ಮೊದಲು ನಿಮ್ಮ ಮಷಿನ್ನಿನ ಹೆಸರು ಮತ್ತು ಮಾಡೆಲ್ ಪೂರ್ತಿ ಓದಿಕೊಳ್ಳಿ. ಒಂದೇ ಕಂಪನಿಯ ಎರಡು ಮಷಿನ್‌ಗಳಿಗೆ ಬೇರೆ ಬೇರೆ ಸ್ಟ್ರಿಪ್ ಇರುತ್ತವೆ. ಹಳೆಯ ಖಾಲಿ ಡಬ್ಬಿಯನ್ನೇ ಅಂಗಡಿಗೆ ತಂದರೆ ಎಲ್ಲಕ್ಕಿಂತ ಒಳ್ಳೆಯದು. ಹಳೆಯ ಮಾದರಿಯ ಮಷಿನ್ ಆದರೆ ಪ್ರತಿ ಹೊಸ ಡಬ್ಬಿಯ ಜೊತೆ ಒಂದು ಚಿಪ್ ಅಥವಾ ಕೋಡ್ ನಂಬರ್ ಬರುತ್ತದೆ. ಅದನ್ನು ಬದಲಾಯಿಸದೆ ಹಾಗೇ ಬಳಸಿದರೆ ಅಂಕಿ ತಪ್ಪುತ್ತದೆ. ಹೊಸ ಮಷಿನ್‌ಗಳಿಗೆ ಹೆಚ್ಚಾಗಿ ಈ ರಗಳೆ ಇಲ್ಲ.

ಪೆಟ್ಟಿಗೆಯ ಸೀಲ್ ಹರಿದಿರಬಾರದು. ಮರಳುಗಡಿಯಾರದ ಸಣ್ಣ ಚಿತ್ರದ ಪಕ್ಕ ಇರುವುದು ಕೊನೆಯ ದಿನಾಂಕ. ಥರ್ಮಾಮೀಟರ್ ಚಿತ್ರದ ಪಕ್ಕ ಇರುವುದು ಎಷ್ಟು ಡಿಗ್ರಿಯಲ್ಲಿ ಇಡಬೇಕು ಎಂಬುದು. 2 ಎಂಬ ಅಂಕಿಗೆ ಅಡ್ಡ ಗೆರೆ ಹೊಡೆದ ಚಿತ್ರ ಇದ್ದರೆ ಒಂದೇ ಸಲ ಬಳಸಬೇಕು ಎಂದು ಅರ್ಥ. ಇಂಗ್ಲಿಷ್ ಓದಲು ಬಾರದ ಹಿರಿಯರಿಗೂ ಈ ಮೂರು ಚಿತ್ರ ತೋರಿಸಿಕೊಟ್ಟರೆ ಸಾಕು, ಅವರೇ ನೋಡಿಕೊಳ್ಳುತ್ತಾರೆ.

ಎಷ್ಟರ ಡಬ್ಬಿ ಕೊಳ್ಳಬೇಕು ಎನ್ನುವುದರಲ್ಲಿ ನನ್ನದು ಖಡಾಖಂಡಿತ ಅಭಿಪ್ರಾಯ. 50ರದ್ದು ಒಂದೊಂದಕ್ಕೆ ಲೆಕ್ಕ ಹಾಕಿದರೆ ಅಗ್ಗ ಬೀಳುತ್ತದೆ, ಹೌದು. ಆದರೆ ಬಹಳಷ್ಟು ಕಂಪನಿಯ ಡಬ್ಬಿಗಳನ್ನು ತೆರೆದ ಮೇಲೆ 3 ತಿಂಗಳಲ್ಲಿ ಮುಗಿಸಬೇಕು. ಕೆಲವಕ್ಕೆ 6 ತಿಂಗಳು ಕೊಡುತ್ತಾರೆ, ಕೆಲವಕ್ಕೆ ಪೆಟ್ಟಿಗೆಯ ಮೇಲಿನ ಕೊನೆಯ ದಿನಾಂಕದವರೆಗೂ ನಡೆಯುತ್ತದೆ. ವಾರಕ್ಕೆ ಎರಡು ಸಲ ನೋಡುವವರಿಗೆ 3 ತಿಂಗಳಿಗೆ 26 ಸ್ಟ್ರಿಪ್ ಬೇಕು. ಅವರು 50ರ ಡಬ್ಬಿ ಒಡೆದರೆ ಅರ್ಧ ದಂಡ, ಇಲ್ಲವೇ ಅವಧಿ ಮುಗಿದದ್ದನ್ನೇ ಬಳಸುತ್ತಾರೆ. 25ರದ್ದೇ ಕೊಳ್ಳಿ. 50ರ ಪೆಟ್ಟಿಗೆಯೊಳಗೆ 25ರ ಎರಡು ಡಬ್ಬಿ ಇದ್ದರೆ ಸರಿ, ಒಂದು ಮುಗಿಯುವವರೆಗೆ ಇನ್ನೊಂದರ ಮುಚ್ಚಳ ಮುಟ್ಟಬೇಡಿ. ತಿಂಗಳಿಗೆ ಒಂದೆರಡು ಸಲ ಮಾತ್ರ ನೋಡುವವರು ಒಂದೊಂದು ಸ್ಟ್ರಿಪ್ಪನ್ನೂ ಬೇರೆ ಬೇರೆ ಫಾಯಿಲ್‌ನಲ್ಲಿ ಪ್ಯಾಕ್ ಮಾಡಿದ ಕಂಪನಿಯದ್ದನ್ನು ಕೇಳಿ ನೋಡಿ. ನಮ್ಮ ಹವೆಗೆ ಅದು ಬಹಳ ಅನುಕೂಲ.

ಗಲ್ಫ್‌ನಿಂದ ಬರುವವರು ಊರಿನ ಅಪ್ಪ ಅಮ್ಮನಿಗೆ ಮಷಿನ್ ತಂದುಕೊಡುವುದು ಹೊನ್ನಾವರ, ಭಟ್ಕಳದ ಕಡೆ ಸಾಮಾನ್ಯ. ಅದರಲ್ಲಿ 7.2, 9.5 ಎಂದು ಚುಕ್ಕೆ ಇರುವ ಅಂಕಿ ಬಂದರೆ ಗಾಬರಿ ಬೇಡ. ಕೆಲವು ದೇಶಗಳಲ್ಲಿ ಅಳತೆಯ ಲೆಕ್ಕ ಬೇರೆ. ಅದನ್ನು 18ರಿಂದ ಗುಣಿಸಿದರೆ ನಮ್ಮ ಎಂಜಿ/ಡಿಎಲ್ ಲೆಕ್ಕ ಸಿಗುತ್ತದೆ. 7.2 ಎಂದರೆ ಸುಮಾರು 130. ಈ ಲೆಕ್ಕ ಮನೆಯವರಿಗೆಲ್ಲ ಗೊತ್ತಿರಬೇಕು, ಇಲ್ಲದಿದ್ದರೆ 15 ಎಂದು ಬಂದಾಗ ಶುಗರ್ ಪೂರ್ತಿ ಇಳಿದಿದೆ ಎಂದು ಸಕ್ಕರೆ ತಿನ್ನಿಸುತ್ತಾರೆ. ನಿಜಕ್ಕೂ ಅದು 270! ಆ ಮಷಿನ್ನಿನ ಸ್ಟ್ರಿಪ್ ಇಲ್ಲಿ ಸಿಗುತ್ತದೋ ಇಲ್ಲವೋ ಎಂದು ತರುವ ಮೊದಲೇ ಕೇಳಿಕೊಳ್ಳಿ.

ಮಳೆಗಾಲಕ್ಕೆ ಮುಂಚೆ ಸೀಲ್ ಒಡೆಯದ ಒಂದು ಡಬ್ಬಿ ಜಾಸ್ತಿ ಇಟ್ಟುಕೊಳ್ಳಿ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದ್ ಆಗಿದ್ದನ್ನು ನಾವ್ಯಾರೂ ಮರೆತಿಲ್ಲ. ರಸ್ತೆ ನಿಂತರೆ ಔಷಧಿಯೂ ನಿಲ್ಲುತ್ತದೆ. ಹಾಗೆಂದು ವರ್ಷಕ್ಕಾಗುವಷ್ಟು ರಾಶಿ ಹಾಕಬೇಡಿ. ಒಂದು ಸಾಕು.

ಮನೆಯಲ್ಲಿ ಇಡುವುದು

ಡಬ್ಬಿ ತೆರೆದ ದಿನವೇ ಬಾಲ್‌ಪೆನ್ನಿನಿಂದ ಅದರ ಮೇಲೆ ದಿನಾಂಕ ಬರೆಯಿರಿ. ಎಂದು ಬಿಸಾಡಬೇಕು ಅನ್ನುವುದನ್ನೂ ಕೆಳಗೇ ಬರೆಯಿರಿ. ಪ್ಲಾಸ್ಟಿಕ್ ಮೇಲೆ ಶಾಯಿ ನಿಲ್ಲದಿದ್ದರೆ ಬ್ಯಾಂಡೇಜ್ ಟೇಪಿನ ತುಂಡು ಅಂಟಿಸಿ ಅದರ ಮೇಲೆ ಬರೆಯಬಹುದು.

ಡಬ್ಬಿಯ ಮುಚ್ಚಳವನ್ನು ಒಮ್ಮೆ ಮಗುಚಿ ನೋಡಿ. ಕೆಲವದರಲ್ಲಿ ಮುಚ್ಚಳದ ಒಳಗೆ ಬಿಳಿ ಬಿಲ್ಲೆ ಇರುತ್ತದೆ, ಅಲುಗಿಸಿದರೆ ಒಳಗೆ ಸಣ್ಣ ಕಾಳು ಸದ್ದು ಮಾಡುತ್ತವೆ. ಕೆಲವದರಲ್ಲಿ ಡಬ್ಬಿಯ ಒಳಗೋಡೆಯೇ ದಪ್ಪಗೆ, ಸ್ವಲ್ಪ ಒರಟಾಗಿ ಇರುತ್ತದೆ. ತೇವ ಹೀರುವುದಕ್ಕೆಂದೇ ಅದನ್ನು ಇಟ್ಟಿರುವುದು. ಆದರೆ ಅದು ಹೀರುವುದಕ್ಕೂ ಒಂದು ಮಿತಿ ಇದೆ. ಪ್ರತಿ ಸಲ ಮುಚ್ಚಳ ತೆರೆದಾಗ ಹೊರಗಿನ ಗಾಳಿ ಒಳಗೆ ಹೋಗುತ್ತದೆ, ಬಿಲ್ಲೆ ಅದರ ತೇವ ಹೀರುತ್ತದೆ. ಮುಚ್ಚಳ ಬಿಗಿ ಇಲ್ಲದೆ ಒಂದು ರಾತ್ರಿ ಕಳೆದರೆ ಬಿಲ್ಲೆಗೆ ಸುಧಾರಿಸಲು ಆಗುವುದಿಲ್ಲ. ಆದ್ದರಿಂದ ಸ್ಟ್ರಿಪ್‌ಗಳನ್ನು ಬೇರೆ ಚಂದದ ಡಬ್ಬಿಗೆ ಹಾಕುವುದು, ಪ್ಲಾಸ್ಟಿಕ್ ಕವರಿನಲ್ಲಿ ನಾಲ್ಕೈದು ಕಟ್ಟಿಕೊಂಡು ಮಗಳ ಮನೆಗೆ ಹೋಗುವುದು, ಹಳೆಯದರಲ್ಲಿ ಉಳಿದಿದ್ದನ್ನು ಹೊಸದರ ಜೊತೆ ಸೇರಿಸುವುದು ಯಾವುದೂ ಬೇಡ. ಅಕ್ಕಿ ಹಾಕಿದ ಡಬ್ಬಿಯಲ್ಲಿ ಸ್ಟ್ರಿಪ್ ಇಟ್ಟವರೂ ಇದ್ದಾರೆ. ಅಕ್ಕಿಯ ಧೂಳು ಸ್ಟ್ರಿಪ್ಪಿಗೆ ತಾಗುತ್ತದೆ ಅಷ್ಟೇ, ಅಕ್ಕಿ ಇಲ್ಲಿಯ ತೇವವನ್ನು ತಡೆಯುವುದಿಲ್ಲ. ಹೋಗುವಲ್ಲಿಗೆ ಪೂರ್ತಿ ಡಬ್ಬಿಯನ್ನೇ ತೆಗೆದುಕೊಂಡು ಹೋಗಿ.

ಇನ್ನು ಫ್ರಿಜ್. ಅಂಗಡಿಯಲ್ಲಿ ಅತಿ ಹೆಚ್ಚು ಸಲ ಬಿಡಿಸಿ ಹೇಳಬೇಕಾಗುವ ವಿಷಯ ಇದು. ಇನ್ಸುಲಿನ್ ಫ್ರಿಜ್‌ನಲ್ಲಿ ಇಡಬೇಕು ಎಂದು ಡಾಕ್ಟರು ಹೇಳಿರುತ್ತಾರೆ. ಶುಗರಿಗೆ ಸಂಬಂಧಪಟ್ಟಿದ್ದೆಲ್ಲ ಒಂದೇ ಕಡೆ ಇರಲಿ ಎಂದು ಮನೆಯವರು ಸ್ಟ್ರಿಪ್ ಡಬ್ಬಿಯನ್ನೂ ಅದರ ಪಕ್ಕ ಇಡುತ್ತಾರೆ. ತಣ್ಣಗಿನ ಡಬ್ಬಿಯನ್ನು ಹೊರಗೆ ತೆಗೆದು ತಕ್ಷಣ ಮುಚ್ಚಳ ತೆರೆದರೆ ನಮ್ಮ ಹಸಿ ಗಾಳಿ ಒಳಗೆ ಹೋಗಿ ತಣ್ಣಗಿನ ಸ್ಟ್ರಿಪ್ ಮೇಲೆ ನೀರಾಗಿ ಕೂರುತ್ತದೆ. ಫ್ರಿಜ್‌ನಿಂದ ತೆಗೆದ ಸ್ಟೀಲ್ ಲೋಟದ ಹೊರಗೆ ಹನಿ ಕಟ್ಟುವುದನ್ನು ನೋಡಿಯೇ ಇರುತ್ತೀರಿ. ಇನ್ಸುಲಿನ್ ಫ್ರಿಜ್‌ಗೆ, ಸ್ಟ್ರಿಪ್ ಹೊರಗೆ. ಇಷ್ಟನ್ನು ಮನೆಯಲ್ಲಿ ಎಲ್ಲರಿಗೂ ಹೇಳಿಡಿ.

ಹೊರಗೆ ಎಂದರೆ ಎಲ್ಲಿ? ಹೆಚ್ಚಿನ ಡಬ್ಬಿಗಳ ಮೇಲೆ 30 ಡಿಗ್ರಿ ಮೀರಬಾರದು ಎಂದು ಇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕರಾವಳಿಯ ಮಧ್ಯಾಹ್ನ 30 ಡಿಗ್ರಿ ದಾಟುತ್ತದೆ, ಏನು ಮಾಡುವುದು? ಮನೆಯಲ್ಲಿ ಅತಿ ತಂಪಾದ ಒಳಕೋಣೆ ಹುಡುಕಿ. ದೇವರ ಕೋಣೆಯೋ ಬಟ್ಟೆ ಇಡುವ ಕೋಣೆಯೋ ಇರಬಹುದು. ಅಲ್ಲಿ ಮರದ ಕಪಾಟಿನ ಕೆಳಗಿನ ಹಲಗೆಯ ಮೇಲೆ ಇಡಿ. ಹೆಂಚಿನ ಕೆಳಗಿನ ಅಟ್ಟ, ಶೀಟಿನ ಮಾಡು, ಪಡುವಣ ಬಿಸಿಲು ಬೀಳುವ ಕಿಟಕಿ, ಫ್ರಿಜ್ಜಿನ ತಲೆ, ಒಲೆಯ ಹತ್ತಿರ, ಹಂಡೆ ಕಾಯುವ ಬಚ್ಚಲು ಇವೆಲ್ಲ ಬೇಡ. ಹೊಸದಾಗಿ ಮಷಿನ್ ಕೊಳ್ಳುವವರಾದರೆ ಸ್ಟ್ರಿಪ್ ಪೆಟ್ಟಿಗೆಯ ಥರ್ಮಾಮೀಟರ್ ಚಿತ್ರ ನೋಡಿ, ಜಾಸ್ತಿ ಡಿಗ್ರಿ ತಡೆಯುವ ಕಂಪನಿಯದ್ದನ್ನೇ ಆರಿಸಿಕೊಳ್ಳಿ. ಮಷಿನ್ನಿನ ಬೆಲೆ ನೋಡುವುದಕ್ಕಿಂತ ಇದು ಮುಖ್ಯ.

ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ, ಬೈಕಿನ ಸೀಟಿನ ಕೆಳಗಿನ ಡಿಕ್ಕಿಯಲ್ಲಿ ಬಿಟ್ಟ ಡಬ್ಬಿಯನ್ನು ನಂಬಬೇಡಿ. ಬೋಟಿಗೆ ಹೋಗುವವರು ಡಬ್ಬಿಯನ್ನು ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದೊಳಗೆ ಇಟ್ಟು, ನೆರಳಿನಲ್ಲಿ ಇಟ್ಟುಕೊಳ್ಳಿ. ಐಸ್ ಪೆಟ್ಟಿಗೆಯಲ್ಲಿ ಹಾಕಬೇಡಿ. ಚಳಿಗಾಲದ ಬೆಳಿಗ್ಗೆ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟೆಗೆ ಬಂದವರು ಮುಚ್ಚಳ ತೆರೆಯುವ ಮೊದಲು ಡಬ್ಬಿ ಮತ್ತು ಮಷಿನ್ ಎರಡನ್ನೂ 20 ನಿಮಿಷ ಹಾಗೇ ಬಿಡಿ. ಎಸಿ ಬಸ್ಸು, ಎಸಿ ಕೋಣೆಯಿಂದ ಹೊರಬಂದಾಗಲೂ ಹೀಗೇ.

ಪರೀಕ್ಷೆ ಮಾಡುವ ಕ್ರಮ

ಮೊದಲು ಕೈ ತೊಳೆಯುವುದು. ಡಬ್ಬಿ ತೆರೆಯುವುದು ಅದರ ನಂತರ. ಹೆಚ್ಚಿನವರು ಇದನ್ನು ಹಿಂದುಮುಂದು ಮಾಡುತ್ತಾರೆ.

ಮಾವಿನ ದಿನಗಳಲ್ಲಿ ಹಿರಿಯರೊಬ್ಬರು ಮಷಿನ್ ಹಿಡಿದುಕೊಂಡು ಅಂಗಡಿಗೆ ಬಂದರು. ಮುಖದಲ್ಲಿ ಬೆವರು. "ತಂಗೀ, 312 ತೋರಿಸ್ತಾ ಇದೆ ನೋಡು. ಒಂದು ಹೋಳೂ ಬಾಯಿಗೆ ಹಾಕಿಲ್ಲ, ದೇವರಾಣೆ. ಮೊಮ್ಮಕ್ಕಳಿಗೆ ಕೊಯ್ದು ಕೊಟ್ಟಿದ್ದು ಮಾತ್ರ." ಅವರ ಕೈ ನೋಡಿದೆ. ಉಗುರಿನ ಸಂದಿಯಲ್ಲಿ ಇಶಾಡು ಮಾವಿನ ಹಳದಿ ರಸ ಒಣಗಿ ಅಂಟಿತ್ತು. ಹಿಂದಿನ ನಲ್ಲಿಯಲ್ಲಿ ಸೋಪು ಹಾಕಿ ತೊಳೆಯಲು ಹೇಳಿದೆ. ಒರೆಸಿ, ಇನ್ನೊಂದು ಬೆರಳಿಗೆ ಚುಚ್ಚಿ ನೋಡಿದರೆ 146. ಅವರು ಅಲ್ಲೇ ಸ್ಟೂಲಿನ ಮೇಲೆ ಕೂತು ನಿಟ್ಟುಸಿರು ಬಿಟ್ಟರು. "ನಾನು ಈಗ ಎರಡು ಮಾತ್ರೆ ಜಾಸ್ತಿ ನುಂಗ್ತಿದ್ದೆ" ಅಂದರು.

ಬೆರಳಿಗೆ ಬರುವ ರಕ್ತದ ಹನಿ ಸಾಸಿವೆ ಕಾಳಿಗಿಂತಲೂ ಸಣ್ಣದು. ಚರ್ಮದ ಮೇಲಿನ ತುಸು ಸಕ್ಕರೆ ಅದರಲ್ಲಿ ಕರಗಿದರೂ ಅಂಕಿ ಎಲ್ಲಿಗೋ ಹೋಗುತ್ತದೆ. ಜಪಾನಿನಲ್ಲಿ ಇದನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ್ದಾರೆ. ಹಣ್ಣು ಸುಲಿದ ಬೆರಳಿನಿಂದ ತೆಗೆದ ರಕ್ತದಲ್ಲಿ ಶುಗರ್ ಬಹಳ ಜಾಸ್ತಿ ಕಂಡಿತ್ತು. ಸ್ಪಿರಿಟ್ ಹತ್ತಿಯಿಂದ ಒರೆಸಿದ ಮೇಲೂ ಜಾಸ್ತಿಯೇ ಕಂಡಿತು. ನಲ್ಲಿ ನೀರಿನಲ್ಲಿ ತೊಳೆದ ಮೇಲೆ ಮಾತ್ರ ಸರಿಯಾದ ಅಂಕಿ ಬಂತು. ಆದ್ದರಿಂದ ಸ್ಪಿರಿಟ್ ನಂಬಿ ಕೂರಬೇಡಿ. ಮಾವು, ಹಲಸು, ಬಾಳೆಹಣ್ಣು, ದೋಸೆಗೆ ಹಚ್ಚಿಕೊಂಡ ಜೋನಿಬೆಲ್ಲ, ಮಕ್ಕಳಿಗೆ ಕಲೆಸಿಕೊಟ್ಟ ಹಾಲು, ದೇವರ ಪಂಚಾಮೃತ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ನೀರು ಸಿಗದ ಕಡೆ, ಬಸ್ಸಿನಲ್ಲೋ ರೈಲಿನಲ್ಲೋ ಆದರೆ, ಮೊದಲ ಹನಿಯನ್ನು ಒರೆಸಿ ಎರಡನೇ ಹನಿಯನ್ನು ಬಳಸಿ.

ತೊಳೆದ ಮೇಲೆ ಪೂರ್ತಿ ಒರೆಸಬೇಕು. ಮಳೆಗಾಲದಲ್ಲಿ ಇದೇ ಕಷ್ಟ. ಟವೆಲ್ಲೇ ಹಸಿ ಇರುತ್ತದೆ. ಒದ್ದೆ ಬೆರಳಿನ ನೀರು ರಕ್ತಕ್ಕೆ ಸೇರಿದರೆ ಅಂಕಿ ಕಡಿಮೆ ಬರಬಹುದು. ಮಷಿನ್ ಚೀಲದಲ್ಲಿ ಒಣ ಹತ್ತಿ ಅಥವಾ ಟಿಶ್ಯೂ ಇಟ್ಟುಕೊಳ್ಳಿ, ಅದು ಈ ಕೆಲಸಕ್ಕೇ ಇರಲಿ. ಸ್ಪಿರಿಟ್, ಸ್ಯಾನಿಟೈಸರ್ ಹಾಕಿದ್ದರೂ ಆರುವವರೆಗೆ ಕಾಯಬೇಕು.

ಈಗ ಡಬ್ಬಿ ತೆರೆಯಿರಿ. ಬೆರಳು ಒಳಗೆ ಹಾಕಿ ಹುಡುಕಬೇಡಿ. ಡಬ್ಬಿ ಬಾಗಿಸಿ ಒಂದನ್ನು ಹೊರಗೆ ಜಾರಿಸಿ, ತಕ್ಷಣ ಮುಚ್ಚಳ ಹಾಕಿ ಟಕ್ ಎಂದು ಸದ್ದು ಬರುವವರೆಗೆ ಒತ್ತಿ. ಸ್ಟ್ರಿಪ್ ಮಷಿನ್ನಿಗೆ ಹಾಕುವುದು ಮುಚ್ಚಳ ಹಾಕಿದ ಮೇಲೆಯೇ. ಕೈ ನಡುಗುವವರು, ಕಣ್ಣು ಮಂಜಾದವರು ಮನೆಯಲ್ಲಿದ್ದರೆ ಈ ಒಂದು ಕೆಲಸವನ್ನು ಬೇರೆಯವರು ಮಾಡಿಕೊಡಿ. ಬಳಸಿದ ಸ್ಟ್ರಿಪ್ಪನ್ನು ಯಾವ ಕಾರಣಕ್ಕೂ ಅದೇ ಡಬ್ಬಿಗೆ ಹಾಕಬೇಡಿ. ಉಳಿತಾಯ ಆಗಲಿ ಎಂದು ಸ್ಟ್ರಿಪ್ಪನ್ನು ಉದ್ದಕ್ಕೆ ಕತ್ತರಿಸಿ ಎರಡು ಮಾಡುವುದು ಪೂರ್ತಿ ತಪ್ಪು, ಆಗ ಬರುವ ಅಂಕಿಗೆ ಅರ್ಥವೇ ಇಲ್ಲ.

ಚುಚ್ಚುವುದು ಬೆರಳಿನ ತುದಿಯ ಪಕ್ಕಕ್ಕೆ. ನಡುವಿನ ಉಬ್ಬಿಗೆ ಚುಚ್ಚಿದರೆ ನೋವು ಜಾಸ್ತಿ, ಮಾರನೇ ದಿನ ಏನು ಮುಟ್ಟಿದರೂ ಚುರುಕ್ ಅನ್ನುತ್ತದೆ. ಮಧ್ಯದ ಬೆರಳು, ಉಂಗುರ ಬೆರಳು, ಕಿರುಬೆರಳು ಸರದಿಯಲ್ಲಿ ಬಳಸಿ. ಅಡಿಕೆ ಸುಲಿಯುವವರ ಹೆಬ್ಬೆರಳು, ತೋರುಬೆರಳಿನ ಚರ್ಮ ದಪ್ಪಗಾಗಿ, ಅಡಿಕೆಯ ಚೊಗರಿನಿಂದ ಕಪ್ಪಾಗಿರುತ್ತದೆ. ಅಲ್ಲಿ ಎಷ್ಟು ಚುಚ್ಚಿದರೂ ರಕ್ತ ಬಾರದು. ಅವರಿಗೆ ಉಂಗುರ ಬೆರಳಿನ ಪಕ್ಕವೇ ಸರಿ. ಬಲೆ ಎಳೆಯುವವರಿಗೂ ಇದೇ ಮಾತು. ಚುಚ್ಚುವ ಪೆನ್ನಿನ ತಲೆ ತಿರುಗಿಸಿ ಒಂದು ಅಂಕಿ ಜಾಸ್ತಿ ಮಾಡಿಕೊಳ್ಳಿ. ಕೈ ತಣ್ಣಗಿದ್ದರೆ ಬೆಚ್ಚಗಿನ ನೀರಿನಲ್ಲಿ ತೊಳೆದು, ತೋಳನ್ನು ಸ್ವಲ್ಪ ಹೊತ್ತು ಕೆಳಗೆ ಇಳಿಬಿಡಿ.

ರಕ್ತ ಬರಲಿಲ್ಲ ಎಂದು ಬೆರಳ ತುದಿಯನ್ನು ಗಟ್ಟಿಯಾಗಿ ಹಿಂಡಬೇಡಿ. ಹಿಂಡಿದರೆ ಮಾಂಸದ ನೀರು ರಕ್ತಕ್ಕೆ ಸೇರುತ್ತದೆ. ಅಂಗೈಯಿಂದ ಬೆರಳಿನ ಕಡೆಗೆ ಮೆಲ್ಲಗೆ ನೀವಿದರೆ ಹನಿ ತಾನೇ ಬರುತ್ತದೆ. ಹೆಚ್ಚಿನ ಸ್ಟ್ರಿಪ್‌ಗಳು ತುದಿ ತಾಗಿಸಿದರೆ ರಕ್ತವನ್ನು ತಾವೇ ಎಳೆದುಕೊಳ್ಳುತ್ತವೆ. ಕೆಲವಕ್ಕೆ ಮೇಲಿನಿಂದ ಹನಿ ಇಡಬೇಕು. ರಕ್ತ ತುಂಬುವ ಜಾಗ ಪೂರ್ತಿ ತುಂಬಿದೆಯೇ ನೋಡಿ. ಕರೆಂಟ್ ಹೋದಾಗ ಮೊಬೈಲ್ ಟಾರ್ಚ್ ಹಾಕಿಕೊಂಡೇ ನೋಡಿ. ಅರ್ಧ ತುಂಬಿದ್ದಕ್ಕೆ ಆಮೇಲೆ ಇನ್ನೊಂದು ಹನಿ ಸೇರಿಸಬೇಡಿ, ಹೊಸ ಸ್ಟ್ರಿಪ್ ಹಾಕಿ.

ಚುಚ್ಚುವ ಸೂಜಿಯನ್ನು ಒಬ್ಬರದ್ದನ್ನು ಇನ್ನೊಬ್ಬರು ಬಳಸಲೇಬಾರದು. ಗಂಡ ಹೆಂಡತಿ ಆದರೂ ಅಷ್ಟೇ. ಪೆನ್ನು ಕೂಡ ಒಬ್ಬರಿಗೆ ಒಂದು. ಹೆಪಟೈಟಿಸ್ ಬಿ ಹೀಗೆ ಹರಡಿದ ಉದಾಹರಣೆಗಳು ಬೇರೆ ದೇಶಗಳ ಆಸ್ಪತ್ರೆ, ವೃದ್ಧಾಶ್ರಮಗಳಲ್ಲೇ ಇವೆ. ನೆಂಟರು ಬಂದಾಗ "ನನ್ನದೂ ಒಂದು ನೋಡಿಬಿಡಿ" ಎಂದು ಸಾಲಾಗಿ ಕೂರುತ್ತಾರಲ್ಲ, ಆಗ ಪೆನ್ನು ಬದಿಗಿಟ್ಟು, ಒಮ್ಮೆ ಚುಚ್ಚಿ ಬಿಸಾಡುವ ಸೂಜಿ ಬಳಸಿ.

ಅಂಕಿ ಬಂದ ಕೂಡಲೇ ಬರೆದಿಡಿ. ದಿನಾಂಕ, ಹೊತ್ತು, ಊಟಕ್ಕೆ ಮೊದಲೋ ನಂತರವೋ, ಇಷ್ಟು ಸಾಕು.

ಅಂಕಿ ನಂಬಬೇಕೋ ಬೇಡವೋ

ಮನೆಯ ಮಷಿನ್ ಲ್ಯಾಬಿನಷ್ಟು ಕರಾರುವಾಕ್ಕಾಗಿ ಇರುವುದಿಲ್ಲ. ಐಎಸ್‌ಒ 15197 ಎಂಬ 2013ರ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, 100ರಲ್ಲಿ 95 ಸಲ ಅಂಕಿ ಇಷ್ಟರೊಳಗೆ ಇರಬೇಕು: ಶುಗರ್ 100ಕ್ಕಿಂತ ಕಡಿಮೆ ಇದ್ದರೆ 15 ಅಂಕಿ ಆಚೀಚೆ, 100 ಮತ್ತು ಅದಕ್ಕಿಂತ ಮೇಲಿದ್ದರೆ ಶೇಕಡಾ 15 ಆಚೀಚೆ. ಲ್ಯಾಬಿನಲ್ಲಿ 200 ಇದ್ದಾಗ ಮಷಿನ್ 170ರಿಂದ 230ರ ಒಳಗೆ ತೋರಿಸಿದರೆ ಸರಿ ಎಂದೇ ಲೆಕ್ಕ. ಒಂದೇ ನಿಮಿಷದಲ್ಲಿ ಎರಡು ಸಲ ನೋಡಿ 142, 151 ಬಂದರೆ ತಲೆ ಕೆಡಿಸಿಕೊಳ್ಳಬೇಡಿ.

ಹೋಲಿಸಿ ನೋಡಬೇಕೆಂದರೆ ಲ್ಯಾಬಿಗೆ ಖಾಲಿ ಹೊಟ್ಟೆಯಲ್ಲಿ ಹೋಗುವ ದಿನ ಮಷಿನ್ ಒಯ್ಯಿರಿ. ಅವರು ತೋಳಿನಿಂದ ರಕ್ತ ತೆಗೆದ ಐದು ನಿಮಿಷದೊಳಗೆ ನೀವು ಬೆರಳಿನಿಂದ ನೋಡಿ ಬರೆದಿಟ್ಟುಕೊಳ್ಳಿ. ಊಟದ ನಂತರ ಹೋಲಿಸಬೇಡಿ, ಆಗ ಬೆರಳಿನ ರಕ್ತದಲ್ಲಿ ಶುಗರ್ ಸಹಜವಾಗಿಯೇ ಜಾಸ್ತಿ ಇರುತ್ತದೆ. ಮೂರು ತಿಂಗಳ ಸರಾಸರಿಯ ಎಚ್‌ಬಿಎ1ಸಿ ವರದಿಯೂ ಒಂದು ಸಾಕ್ಷಿ. ಅದು 7 ಬಂದರೆ ಸರಾಸರಿ ಶುಗರ್ ಸುಮಾರು 154, 8 ಬಂದರೆ ಸುಮಾರು 183. ನಿಮ್ಮ ಪುಸ್ತಕದಲ್ಲಿ ಯಾವಾಗಲೂ 110, 120 ಎಂದೇ ಇದ್ದು ವರದಿಯಲ್ಲಿ 9 ಬಂದರೆ ಪುಸ್ತಕ, ಮಷಿನ್, ಡಬ್ಬಿ ಮೂರನ್ನೂ ಡಾಕ್ಟರಿಗೆ ತೋರಿಸಿ.

ಕಂಟ್ರೋಲ್ ಸೊಲ್ಯೂಷನ್ ಎಂಬ ಸಣ್ಣ ಬಾಟಲಿ ಸಿಗುತ್ತದೆ. ಅದರಲ್ಲಿ ಗೊತ್ತಾದ ಪ್ರಮಾಣದ ಗ್ಲೂಕೋಸ್ ಇರುತ್ತದೆ. ರಕ್ತದ ಬದಲು ಅದರ ಹನಿ ಹಾಕಿದಾಗ, ಬರುವ ಅಂಕಿ ಸ್ಟ್ರಿಪ್ ಡಬ್ಬಿಯ ಮೇಲೆ ಬರೆದ ಎರಡು ಅಂಕಿಗಳ ನಡುವೆ ಇರಬೇಕು. ಎಲ್ಲ ಅಂಗಡಿಯಲ್ಲೂ ಇಟ್ಟಿರುವುದಿಲ್ಲ, ಕೇಳಿದರೆ ತರಿಸಿಕೊಡುತ್ತಾರೆ. ಇನ್ಸುಲಿನ್ ತೆಗೆದುಕೊಳ್ಳುವವರ ಮನೆಯಲ್ಲಿ ಮಳೆಗಾಲಕ್ಕೆ ಇದು ಇರಲೇಬೇಕು ಎನ್ನುತ್ತೇನೆ. ಹೊಸ ಡಬ್ಬಿ ತೆರೆದಾಗ, ಮಷಿನ್ ಬಿದ್ದಾಗ, ಮುಚ್ಚಳ ತೆರೆದಿದ್ದು ಕಣ್ಣಿಗೆ ಬಿದ್ದಾಗ ನೋಡಿಕೊಳ್ಳಿ. ರಾತ್ರಿಯಿಡೀ ಮುಚ್ಚಳ ತೆರೆದಿದ್ದ ಡಬ್ಬಿ, ಒಳಗೆ ನೀರು ಹೋದ ಡಬ್ಬಿ ಆದರೆ ಪರೀಕ್ಷೆಯೂ ಬೇಡ, ಬಿಸಾಡಿ.

ರಕ್ತ ಕಡಿಮೆ ಇರುವವರಿಗೆ ಶುಗರ್ ಇದ್ದದ್ದಕ್ಕಿಂತ ಜಾಸ್ತಿ ತೋರಿಸಬಹುದು. ಬಸುರಿಯರು ಇದನ್ನು ಡಾಕ್ಟರ ಹತ್ತಿರ ಕೇಳಿಕೊಳ್ಳಿ. ಹೊಟ್ಟೆಯ ಮೂಲಕ ಡಯಾಲಿಸಿಸ್ ಮಾಡಿಕೊಳ್ಳುವವರು ಐಕೊಡೆಕ್ಸ್‌ಟ್ರಿನ್ ದ್ರಾವಣ ಬಳಸುತ್ತಿದ್ದರೆ ಕೆಲವು ಬಗೆಯ ಸ್ಟ್ರಿಪ್ ಅವರಿಗೆ ಸುಳ್ಳು ಅಂಕಿ ತೋರಿಸುತ್ತದೆ. ಯಾವ ಸ್ಟ್ರಿಪ್ ಆಗುತ್ತದೆ ಎಂದು ಡಯಾಲಿಸಿಸ್ ವಿಭಾಗದಲ್ಲಿ ಕೇಳದೆ ಕೊಳ್ಳಬೇಡಿ.

ಅನಿರೀಕ್ಷಿತ ಅಂಕಿ ಬಂದಾಗ ಇನ್ಸುಲಿನ್ ಆಗಲಿ ಮಾತ್ರೆಯಾಗಲಿ ಮುಟ್ಟುವ ಮೊದಲು ಕೈ ತೊಳೆದು, ಒರೆಸಿ, ಬೇರೆ ಬೆರಳಿನಿಂದ, ಹೊಸ ಸ್ಟ್ರಿಪ್ಪಿನಲ್ಲಿ ಮತ್ತೆ ನೋಡಿ. ಆದರೆ ಮೈ ಬೆವರುತ್ತಿದ್ದು, ಕೈ ನಡುಗುತ್ತಿದ್ದು, ತಲೆ ಸುತ್ತುತ್ತಿದ್ದರೆ ಸ್ಟ್ರಿಪ್ 110 ಎಂದರೂ ನಂಬಿ ಕೂರಬೇಡಿ. ಮೈ ಹೇಳುವುದನ್ನು ಮೊದಲು ಕೇಳಿ. 70ಕ್ಕಿಂತ ಕಡಿಮೆ ಬಂದರೂ, ಹೀಗೆ ಅನ್ನಿಸಿದರೂ ಮೂರು ಟೀ ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಮತ್ತೆ ಅಷ್ಟೇ ಕುಡಿಯಿರಿ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ. ಅವರು ಗ್ಲೂಕೋಸ್ ಪುಡಿಯನ್ನೇ ಮನೆಯಲ್ಲಿ ಇಟ್ಟುಕೊಳ್ಳಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ. ಮಷಿನ್ ಅಂಕಿಯ ಬದಲು ಎಚ್‌ಐ ಎಂಬ ಇಂಗ್ಲಿಷ್ ಅಕ್ಷರ ತೋರಿಸಿದರೆ ಅದು ಅಳೆಯಬಲ್ಲದ್ದಕ್ಕಿಂತ ಶುಗರ್ ಜಾಸ್ತಿ ಎಂದು ಅರ್ಥ. ಕೈ ತೊಳೆದು ನೋಡಿದರೂ ಅದೇ ಬಂದರೆ ಆಸ್ಪತ್ರೆಗೆ ಹೊರಡಿ. ಶುಗರ್ ಏರಿರುವಾಗ ವಾಂತಿ, ಏದುಸಿರು ಇದ್ದರೂ ಹಾಗೇ, ಬೆಳಗಾಗಲಿ ಎಂದು ಕಾಯಬೇಡಿ.

ಬಳಸಿದ್ದನ್ನು ಬಿಸಾಡುವುದು

ಸೂಜಿಗಳಿಗೆ ಒಂದು ಗಟ್ಟಿ ಪ್ಲಾಸ್ಟಿಕ್ ಬಾಟಲಿ ಇಡಿ. ಫಿನೈಲ್ ಬಾಟಲಿ ಖಾಲಿಯಾದದ್ದು ನಡೆಯುತ್ತದೆ. ತೆಳು ನೀರಿನ ಬಾಟಲಿಯಾದರೆ ಸೂಜಿ ಹೊರಗೆ ತೂರುತ್ತದೆ. ಮುಕ್ಕಾಲು ತುಂಬಿದಾಗ ಮುಚ್ಚಳಕ್ಕೆ ಟೇಪ್ ಸುತ್ತಿ, ಮೇಲೆ "ಸೂಜಿ" ಎಂದು ದೊಡ್ಡದಾಗಿ ಬರೆಯಿರಿ. 2016ರ ಘನತ್ಯಾಜ್ಯ ನಿಯಮಗಳು ಮನೆಯಲ್ಲಿ ಬಳಸಿದ ಸೂಜಿಯನ್ನು ಮನೆಯ ಅಪಾಯಕಾರಿ ಕಸದ ಪಟ್ಟಿಗೆ ಸೇರಿಸಿದ್ದವು. ಹಸಿ ಕಸ, ಒಣ ಕಸ ಎರಡರಲ್ಲೂ ಅದನ್ನು ಹಾಕುವಂತಿಲ್ಲ. ಕಸದ ಗಾಡಿಯವರ ಕೈಗೆ ಬೇರೆಯಾಗಿ ಕೊಟ್ಟು, ಒಳಗೆ ಸೂಜಿ ಇದೆ ಎಂದು ಬಾಯಲ್ಲೂ ಹೇಳಿ. ಗಾಡಿ ಬಾರದ ಊರಿನವರು ಹತ್ತಿರದ ಆಸ್ಪತ್ರೆಯಲ್ಲಿ ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿ. ರಕ್ತ ತಾಗಿದ ಸ್ಟ್ರಿಪ್ಪನ್ನು ಕಾಗದದಲ್ಲಿ ಸುತ್ತಿ, ಪ್ಯಾಡ್, ಡೈಪರ್ ಹಾಕುವ ಕಸದ ಜೊತೆ ಕೊಡಬಹುದು.

ಗೊಬ್ಬರ ಗುಂಡಿಗೆ ಮಾತ್ರ ಯಾವುದನ್ನೂ ಎಸೆಯಬೇಡಿ. ಆ ಗೊಬ್ಬರ ನಾಳೆ ತೋಟಕ್ಕೆ ಹೋಗುತ್ತದೆ, ಅಡಿಕೆ ಮರದ ಬುಡದಲ್ಲಿ ಬರಿಗಾಲಲ್ಲಿ ನಿಂತು ಅದನ್ನು ಕೈಯಲ್ಲಿ ಹರಡುವವರು ಬೇರೆಯವರು.